ಮಗುವಿನ ಕರುಳಿನಲ್ಲಿ ಎರಡೂವರೆ ವರ್ಷ: ಎದೆಹಾಲಿನಿಂದ ಮನೆಯೂಟದವರೆಗೆ

ಹಾಲು ಬದಲಾಯಿಸಿದರೆ ಮಗುವಿನ ಹೊಟ್ಟೆ ಕೆಡುತ್ತಾ? ಎದೆಹಾಲಿನ ಜೊತೆ ಒಂದು ಬಾಟಲಿ ಡಬ್ಬಿ ಹಾಲು ಕೊಟ್ಟರೆ ಏನಾಗುತ್ತದೆ? ಬಾಣಂತಿ ಇರುವ ಮನೆಯಲ್ಲೆಲ್ಲ ಕೇಳಿಬರುವ ಪ್ರಶ್ನೆಗಳಿವು. ಉತ್ತರ ಹೇಳುವವರಿಗೂ ಬರವಿಲ್ಲ. ಆದರೆ ಒಂದೇ ಮಗುವನ್ನು ಹಿಡಿದು, ಅದು ಏನು ಕುಡಿಯಿತು, ಏನು ತಿಂದಿತು, ಯಾವಾಗ ಜ್ವರ ಬಂತು ಎಂದೆಲ್ಲ ಬರೆದಿಟ್ಟು, ಅದರ ಪಕ್ಕದಲ್ಲಿ ಕರುಳಿನ ಬ್ಯಾಕ್ಟೀರಿಯಾಗಳ ಲೆಕ್ಕ ಇಟ್ಟು ನೋಡಿದ ಪ್ರಕರಣಗಳು ಕಡಿಮೆ. ಅಂಥ ಒಂದು ಪ್ರಕರಣ ಆಗ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ರೂತ್ ಲೇ ಅವರ ತಂಡದ್ದು. 2011ರಲ್ಲಿ ಪ್ರಕಟವಾಯಿತು. ಮಗು ಯಾರದ್ದು, ಮನೆ ಎಲ್ಲಿ ಎಂಬುದು ನಮಗೆ ಬೇಕಾಗಿಲ್ಲ. ಆರೋಗ್ಯವಾಗಿದ್ದ ಒಂದು ಮಗು, ಅಷ್ಟೇ. ಇಲ್ಲಿ ಬರೆಯುತ್ತಿರುವುದು ಆ ಮಗುವಿನ ಹೊಟ್ಟೆಯ ಕಥೆ.

ಮೊದಲೇ ಗೊತ್ತಿದ್ದದ್ದು

ಎದೆಹಾಲು ಕುಡಿಯುವ ಮಗುವಿನ ಕರುಳು ಬೇರೆ, ಬಾಟಲಿ ಹಾಲು ಕುಡಿಯುವ ಮಗುವಿನ ಕರುಳು ಬೇರೆ. ಈ ಮಾತಿಗೆ 100 ವರ್ಷಕ್ಕಿಂತ ಜಾಸ್ತಿ ವಯಸ್ಸಾಗಿದೆ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಹೆನ್ರಿ ಟಿಸಿಯೆ 1899ರಲ್ಲಿ ಎದೆಹಾಲು ಕುಡಿಯುವ ಮಕ್ಕಳ ಮಲದಲ್ಲಿ ಕವಲೊಡೆದ ಆಕಾರದ ಒಂದು ಬ್ಯಾಕ್ಟೀರಿಯಾ ಕಂಡರು. ಇವತ್ತು ಅದರ ಗುಂಪನ್ನು ಬೈಫಿಡೋಬ್ಯಾಕ್ಟೀರಿಯಂ ಎನ್ನುತ್ತೇವೆ.

ಅದು ಅಲ್ಲಿ ಯಾಕೆ ಸೇರುತ್ತದೆ ಎಂಬುದಕ್ಕೆ ಉತ್ತರ ಹಾಲಿನಲ್ಲೇ ಇದೆ. ತಾಯಿಯ ಹಾಲಿನಲ್ಲಿ ಲ್ಯಾಕ್ಟೋಸ್ ಮತ್ತು ಕೊಬ್ಬು ಬಿಟ್ಟರೆ ಅತಿ ಹೆಚ್ಚು ಇರುವ ಘನ ವಸ್ತು ಒಲಿಗೋಸ್ಯಾಕರೈಡ್ ಎಂಬ ಸಕ್ಕರೆ ಸರಪಳಿಗಳು. ಹೆರಿಗೆಯಾದ ಮೊದಲ ದಿನಗಳ ಹಳದಿ ಹಾಲಿನಲ್ಲಿ ಇವು ಲೀಟರಿಗೆ 20ರಿಂದ 25 ಗ್ರಾಂ. ಆಮೇಲಿನ ಹಾಲಿನಲ್ಲಿ 5ರಿಂದ 15 ಗ್ರಾಂ. 150ಕ್ಕೂ ಹೆಚ್ಚು ಬಗೆಯವು ಸಿಕ್ಕಿವೆ. ತಮಾಷೆ ಏನೆಂದರೆ ಮಗುವಿಗೆ ಇವನ್ನು ಜೀರ್ಣಿಸಿಕೊಳ್ಳಲು ಆಗುವುದಿಲ್ಲ. ಅವನ್ನು ಒಡೆಯುವ ಕಿಣ್ವ ಮಗುವಿನ ಹತ್ತಿರ ಇಲ್ಲ. ಸರಪಳಿಗಳು ಹಾಗೆಯೇ ದೊಡ್ಡ ಕರುಳಿಗೆ ಇಳಿಯುತ್ತವೆ. ಅಲ್ಲಿ ಕಾದು ಕೂತ ಬೈಫಿಡೋ ಜಾತಿಗಳು, ಅದರಲ್ಲೂ ಇನ್‌ಫ್ಯಾಂಟಿಸ್ ಎಂಬ ಉಪಜಾತಿ, ಅವನ್ನು ತಿಂದು ಅಸಿಟೇಟ್ ಮತ್ತು ಲ್ಯಾಕ್ಟೇಟ್ ಬಿಡುತ್ತವೆ. ಕರುಳು ಹುಳಿಯಾಗುತ್ತದೆ. ಆ ಹುಳಿಯಲ್ಲಿ ಅನೇಕ ಕೆಟ್ಟ ಬ್ಯಾಕ್ಟೀರಿಯಾಗಳಿಗೆ ಬೆಳೆಯುವುದು ಕಷ್ಟ. ಅಂದರೆ ತಾಯಿ ಉಣಿಸುವ ಹಾಲಿನಲ್ಲಿ ಒಂದು ಪಾಲು ಮಗುವಿಗಲ್ಲ, ಮಗುವಿನ ಹೊಟ್ಟೆಯಲ್ಲಿರುವವರಿಗೆ.

ಹಸುವಿನ ಹಾಲಿನಲ್ಲಿ ಈ ಸರಪಳಿಗಳು ತೀರಾ ಕಡಿಮೆ. ಹಾಗಾಗಿ ಹಸುವಿನ ಹಾಲಿನಿಂದ ಮಾಡಿದ ಫಾರ್ಮುಲಾದಲ್ಲೂ, ಅಂದರೆ ಡಬ್ಬಿ ಹಾಲಿನಲ್ಲೂ, ಇರಲಿಲ್ಲ. ಇವುಗಳಲ್ಲಿ ಒಂದೆರಡು ಬಗೆಯನ್ನು ತಯಾರಿಸಿ ಡಬ್ಬಿ ಹಾಲಿಗೆ ಬೆರೆಸಲು ಶುರುವಾದದ್ದು 2016ರ ಸುಮಾರಿಗೆ. ನಮ್ಮ ಪ್ರಕರಣದ ಮಗು ಅದಕ್ಕಿಂತ ಎಷ್ಟೋ ಮುಂಚಿನದು.

ಸಮಸ್ಯೆ ಎಲ್ಲಿತ್ತು

ಇಷ್ಟೆಲ್ಲ ಗೊತ್ತಿದ್ದೂ ಒಂದು ತಲೆನೋವು ಉಳಿದಿತ್ತು. ನಿಜವಾದ ಮಕ್ಕಳನ್ನು ಹಿಂಬಾಲಿಸಿದಾಗ ಚಿತ್ರ ಇಷ್ಟು ಅಚ್ಚುಕಟ್ಟಾಗಿ ಕಾಣುತ್ತಿರಲಿಲ್ಲ. 2007ರಲ್ಲಿ ಸ್ಟ್ಯಾನ್‌ಫರ್ಡ್‌ನ ತಂಡವೊಂದು 14 ಮಕ್ಕಳನ್ನು ಹುಟ್ಟಿನಿಂದ ಒಂದು ವರ್ಷದವರೆಗೆ ನೋಡಿತು. ಒಂದು ಮಗುವಿನ ಹಾಗೆ ಇನ್ನೊಂದಿಲ್ಲ. ಇವತ್ತು ಒಂದು ಗುಂಪು ಮೇಲೆ, ಕೆಲವು ವಾರಕ್ಕೆ ಇನ್ನೊಂದು. ಆ ಅಧ್ಯಯನದಲ್ಲಿ ಅವಳಿ ಮಕ್ಕಳಿದ್ದರು. ಅವರಿಬ್ಬರ ಏರಿಳಿತ ಮಾತ್ರ ಒಂದಕ್ಕೊಂದು ಹೋಲುತ್ತಿತ್ತು. ಒಂದೇ ಮನೆ, ಒಂದೇ ಹೊತ್ತಿನ ಊಟ. ನನ್ನ ಪ್ರಕಾರ ಅದೊಂದು ದೊಡ್ಡ ಸುಳಿವು. ಆದರೂ ಶಿಶುವಿನ ಕರುಳಿನಲ್ಲಿ ನಡೆಯುವುದೆಲ್ಲ ಗೊಂದಲ, ಅದಕ್ಕೊಂದು ಕ್ರಮ ಇಲ್ಲ ಎಂಬ ಮಾತು ಆಗ ಸಾಕಷ್ಟು ಓಡಾಡುತ್ತಿತ್ತು.

ಕಾರ್ನೆಲ್ ತಂಡದ ಅನುಮಾನ ಬೇರೆ ಇತ್ತು. ಗೊಂದಲ ಇರುವುದು ಕರುಳಿನಲ್ಲೋ, ನಮ್ಮ ದಾಖಲೆಯಲ್ಲೋ? ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ದುಡ್ಡು ಏರಿದ್ದು ಇಳಿದದ್ದು ಮಾತ್ರ ಇದ್ದು, ಯಾತಕ್ಕೆ ಎನ್ನುವ ಕಾಲಂ ಖಾಲಿ ಇದ್ದರೆ ಯಾರ ಸಂಸಾರವಾದರೂ ಹುಚ್ಚುಹುಚ್ಚಾಗಿಯೇ ಕಾಣುತ್ತದೆ ಅಲ್ವಾ? ಆ ಖಾಲಿ ಕಾಲಂ ತುಂಬಬೇಕು ಎಂದು ಅವರು ಹೊರಟರು.

ತೆಗೆದುಕೊಂಡ ತೀರ್ಮಾನ

ಇಲ್ಲಿ ಎರಡು ದಾರಿ ಇದ್ದವು. ನೂರಾರು ಮಕ್ಕಳನ್ನು ತೆಗೆದುಕೊಂಡು ಒಬ್ಬೊಬ್ಬರಿಂದ ಎರಡು ಮೂರು ಮಾದರಿ ಪಡೆಯುವುದು ಒಂದು. ಸರಾಸರಿ ಚೆನ್ನಾಗಿ ಬರುತ್ತದೆ. ಆದರೆ ಯಾವ ದಿನ ಏನಾಯಿತು ಎಂಬುದು ಆ ಸರಾಸರಿಯೊಳಗೆ ಕರಗಿ ಹೋಗುತ್ತದೆ. ಒಂದೇ ಮಗುವನ್ನು ಬಿಡದೆ ನೋಡುವುದು ಇನ್ನೊಂದು. ಅವರು ಆರಿಸಿಕೊಂಡದ್ದು ಎರಡನೆಯದನ್ನು. ಹುಟ್ಟಿದ ಮೊದಲ ದಿನಗಳಿಂದ ಎರಡೂವರೆ ವರ್ಷದವರೆಗೆ 60 ಮಲ ಮಾದರಿ. ಜೊತೆಗೆ ಆಹಾರ ಮತ್ತು ಆರೋಗ್ಯದ ಡೈರಿ.

ಒಂದು ಮಗುವಿನಿಂದ ಎಲ್ಲ ಮಕ್ಕಳ ಬಗ್ಗೆ ಹೇಳಲು ಬರುವುದಿಲ್ಲ ಎಂದು ಯಾರಾದರೂ ಆಕ್ಷೇಪ ಎತ್ತಬಹುದು. ಸರಿಯೇ. ಆದರೆ ಇಲ್ಲಿ ಕೇಳಿದ ಪ್ರಶ್ನೆ ಬೇರೆ. ಎಲ್ಲ ಮಕ್ಕಳಲ್ಲೂ ಹೀಗೆ ಆಗುತ್ತದಾ ಎಂದು ಅವರು ಕೇಳಲಿಲ್ಲ. ಮನೆಯಲ್ಲಿ ನಡೆದ ಸಂಗತಿಗೂ ಕರುಳಿನಲ್ಲಿ ನಡೆದ ಬದಲಾವಣೆಗೂ ಸಂಬಂಧ ಇದೆಯಾ ಎಂದು ಕೇಳಿದರು. ಅದಕ್ಕೆ ಒಂದು ಮಗು ಸಾಕು, ದಾಖಲೆ ಮಾತ್ರ ಪಕ್ಕಾ ಇರಬೇಕು.

ಮಾದರಿಗಳಿಂದ 3 ಲಕ್ಷಕ್ಕೂ ಹೆಚ್ಚು ಬ್ಯಾಕ್ಟೀರಿಯಾ ಗುರುತು ಜೀನ್‌ಗಳನ್ನು ಓದಿದರು. ಯಾರ್ಯಾರು ಇದ್ದಾರೆ ಎಂದು ಇದರಿಂದ ತಿಳಿಯುತ್ತದೆ. ಆಯ್ದ 12 ಮಾದರಿಗಳಲ್ಲಿ ಇಡೀ ಡಿಎನ್‌ಎಯನ್ನೇ ಓದಿದರು, ಸುಮಾರು 5 ಲಕ್ಷ ತುಣುಕು. ಇದರಿಂದ ಅವರು ಏನು ಕೆಲಸ ಮಾಡಬಲ್ಲರು ಎಂದು ತಿಳಿಯುತ್ತದೆ. ಈ ಎರಡನ್ನೂ ಬೇರೆ ಬೇರೆ ಕೇಳಿದ್ದು ಒಳ್ಳೆಯದಾಯಿತು, ಯಾಕೆಂದು ಮುಂದೆ ಗೊತ್ತಾಗುತ್ತದೆ.

ಡೈರಿಯನ್ನು ಪಕ್ಕದಲ್ಲಿಟ್ಟುಕೊಂಡಾಗ

ಮೊದಲ ತಿಂಗಳುಗಳು ಎದೆಹಾಲಿನವು. ಆ ಹೊತ್ತಿನ ಬ್ಯಾಕ್ಟೀರಿಯಾ ಸಮೂಹದಲ್ಲಿ ಎದ್ದು ಕಂಡದ್ದು ಲ್ಯಾಕ್ಟೇಟ್ ಬಳಸುವ ಜೀನ್‌ಗಳು. ಹಾಲಿನ ಸಕ್ಕರೆಯನ್ನು ಕೆಲವರು ಒಡೆದು ಲ್ಯಾಕ್ಟೇಟ್ ಮಾಡುತ್ತಾರೆ, ಅದನ್ನು ಇನ್ನು ಕೆಲವರು ತಿನ್ನುತ್ತಾರೆ. ಇಡೀ ವ್ಯವಹಾರ ನಿಂತಿರುವುದು ಹಾಲಿನ ಮೇಲೆ. ಬಗೆಗಳು ಕಡಿಮೆ. ಅದು ಕೊರತೆಯಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ದೊಡ್ಡವರ ಕರುಳಿನಲ್ಲಿ ಬಗೆ ಜಾಸ್ತಿ ಇದ್ದಷ್ಟೂ ಒಳ್ಳೆಯದು ಎಂದು ಎಲ್ಲ ಕಡೆ ಓದುತ್ತೇವೆ. ಅದೇ ಅಳತೆಗೋಲನ್ನು ಮೂರು ತಿಂಗಳ ಕೂಸಿಗೆ ಹಿಡಿಯಬಾರದು. ಒಂದೇ ಆಹಾರ ಇದ್ದಾಗ ಅದನ್ನು ಚೆನ್ನಾಗಿ ತಿನ್ನಬಲ್ಲ ಕೆಲವರೇ ಇರುವುದು ಸಹಜ.

ಮಗುವಿಗೆ ಮೂರು ತಿಂಗಳಾದ ಹೊತ್ತಿಗೆ ಜ್ವರ ಬಂತು. ಆಹಾರ ಬದಲಾಗಿರಲಿಲ್ಲ, ಎದೆಹಾಲೇ. ಆದರೂ ಆ ದಿನಗಳ ಮಾದರಿಯಲ್ಲಿ ದೊಡ್ಡ ಗುಂಪುಗಳ ಪಾಲು ಥಟ್ಟನೆ ಏರುಪೇರಾಯಿತು. ಡೈರಿ ಇಲ್ಲದಿದ್ದರೆ ಇದು ಸುಮ್ನೆ ಕಾರಣವಿಲ್ಲದ ಜಿಗಿತ ಎಂದು ದಾಖಲಾಗುತ್ತಿತ್ತು. ಗೊಂದಲದ ಪಟ್ಟಿಗೆ ಇನ್ನೊಂದು ಸೇರ್ಪಡೆ. ಜೊತೆಗೆ ಇನ್ನೊಂದು ವಿಷಯವೂ ಇಲ್ಲಿ ಹೊರಬಿತ್ತು. ಕರುಳಿನ ಬದಲಾವಣೆಯೆಲ್ಲ ಹಾಲಿನಿಂದಲೇ ಅಲ್ಲ. ಎದೆಹಾಲು ಕುಡಿಯುತ್ತಿರುವ ಮಗುವಿನ ಮಲ ಒಂದು ವಾರ ಬೇರೆ ಥರ ಆದರೆ ತಾಯಿಯ ಊಟದ ಮೇಲೆ ತಪ್ಪು ಹೊರಿಸುವ ಅಭ್ಯಾಸ ನಮ್ಮಲ್ಲಿದೆ. ನಿನ್ನೆ ಬದನೆಕಾಯಿ ತಿಂದೆ, ಅದಕ್ಕೇ ಹೀಗಾಯ್ತು ಅನ್ನುವುದು. ಮಗುವಿಗೇ ಮೈ ಬಿಸಿ ಇತ್ತಾ ಎಂದು ಮೊದಲು ಕೇಳುವುದು ಒಳ್ಳೆಯದು.

ನಾಲ್ಕೂವರೆ ತಿಂಗಳ ಹೊತ್ತಿಗೆ ಅಕ್ಕಿ ಹಿಟ್ಟಿನ ಗಂಜಿ ಶುರು ಮಾಡಿದರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಆರು ತಿಂಗಳು ಎದೆಹಾಲು ಮಾತ್ರ ಎಂದು. ಅಮೆರಿಕದಲ್ಲಿ ನಾಲ್ಕರಿಂದ ಆರು ತಿಂಗಳ ನಡುವೆ ಗಂಜಿ ಶುರು ಮಾಡುವುದು ಆಗ ಮಾಮೂಲಿ. ದೊಡ್ಡ ತಿರುವು ಬಂದದ್ದು ಅದರ ನಂತರ. ಆರು ತಿಂಗಳ ಹತ್ತಿರ ಬಂದಾಗ ಫಾರ್ಮುಲಾ ಹಾಲು, ಬಟಾಣಿ, ಮನೆಯವರು ತಿನ್ನುವ ಇತರ ಆಹಾರ ಇವೆಲ್ಲ ಡೈರಿಗೆ ಬಂದವು. ಆಗ ಬ್ಯಾಕ್ಟೀರಾಯ್ಡೀಟೀಸ್ ಎಂಬ ಗುಂಪು ಏರಿತು. ಏರಿದ್ದು ಇಳಿಯಲಿಲ್ಲ. ಗಿಡಮೂಲದ ಗಟ್ಟಿ ಸಕ್ಕರೆಗಳನ್ನು ಒಡೆಯುವುದರಲ್ಲಿ ಈ ಗುಂಪು ಪಳಗಿದ್ದು. ದೊಡ್ಡವರ ಕರುಳಿನಲ್ಲಿ ಯಾವಾಗಲೂ ಇರುತ್ತದೆ. ಮಲದಲ್ಲಿ ಚಿಕ್ಕ ಸರಪಳಿಯ ಕೊಬ್ಬಿನ ಆಮ್ಲಗಳು ಹೆಚ್ಚಾದವು. ವಿಟಮಿನ್ ತಯಾರಿಸುವ ಜೀನ್‌ಗಳು, ಹೊರಗಿನ ರಾಸಾಯನಿಕಗಳನ್ನು ಒಡೆಯುವ ಜೀನ್‌ಗಳು ಹೆಚ್ಚಾದವು. ಸಮೂಹ ಸ್ಥಿರವಾಗತೊಡಗಿತು.

ಇಲ್ಲೇ ಆ 12 ಮಾದರಿಗಳ ಓದು ಉಪಯೋಗಕ್ಕೆ ಬಂತು. ಗಿಡಮೂಲದ ಸಕ್ಕರೆ ಒಡೆಯುವ ಜೀನ್‌ಗಳು ಗಟ್ಟಿ ಆಹಾರ ಕೊಡುವುದಕ್ಕೆ ಮುಂಚೆಯೇ ಅಲ್ಲಿದ್ದವು! ಬಟಾಣಿ ಬರುವ ಮೊದಲೇ ಬಟಾಣಿ ಅರಗಿಸುವ ಸಾಮರ್ಥ್ಯ ಮೂಲೆಯಲ್ಲಿ ಕೂತಿತ್ತು. ಈ ಪ್ರಕರಣದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. ಬರೀ ಯಾರಿದ್ದಾರೆ ಎಂದು ಎಣಿಸಿದ್ದರೆ ಹಾಲಿನವರು ಹೋದರು, ಊಟದವರು ಬಂದರು ಎಂದು ಕಥೆ ಮುಗಿಯುತ್ತಿತ್ತು. ಕೆಲಸ ಏನು ಎಂದು ಕೇಳಿದ್ದರಿಂದ ತಯಾರಿ ಮುಂಚೆಯೇ ನಡೆದಿತ್ತು ಎಂದು ಗೊತ್ತಾಯಿತು.

ಆಮೇಲೆ ಕಿವಿ ಸೋಂಕು, ಅದಕ್ಕೆ ಆ್ಯಂಟಿಬಯಾಟಿಕ್. ಒಂದು ವರ್ಷ ದಾಟಿದಾಗ ಹಸುವಿನ ಹಾಲು, ದೊಡ್ಡವರ ಊಟ. ಔಷಧಿ ಕೊಟ್ಟ ದಿನಗಳೂ ಡೈರಿಯಲ್ಲಿವೆ, ಏರುಪೇರೂ ಮಾದರಿಯಲ್ಲಿದೆ. ಅದರ ಮೇಲೆ ಹೆಚ್ಚು ಹೇಳಲು ಹೋಗುವುದಿಲ್ಲ, ಯಾಕೆಂದರೆ ಔಷಧಿ ಮತ್ತು ಊಟದ ಬದಲಾವಣೆ ಒಂದರ ಹಿಂದೊಂದು ಬಂದಿವೆ.

ಒಟ್ಟು ನೋಡಿದರೆ ಎರಡು ಚಿತ್ರ ಒಟ್ಟಿಗೆ ಕಾಣುತ್ತವೆ. ಬ್ಯಾಕ್ಟೀರಿಯಾ ಬಗೆಗಳ ಒಟ್ಟು ವೈವಿಧ್ಯ ನಿಧಾನವಾಗಿ, ನಯವಾಗಿ ಏರುತ್ತಾ ಹೋಗಿದೆ. ದೊಡ್ಡ ಗುಂಪುಗಳ ಪಾಲು ಮಾತ್ರ ಥಟ್ ಥಟ್ ಎಂದು ಜಿಗಿದಿದೆ. ಆ ಜಿಗಿತಗಳ ಪಕ್ಕದಲ್ಲಿ ಡೈರಿಯ ಒಂದು ಸಾಲು ಇದೆ. ಗೊಂದಲ ಕರುಳಿನಲ್ಲಿರಲಿಲ್ಲ.

ಒಂದು ಗಂಟು ಬಿಚ್ಚಲಿಲ್ಲ

ಈಗ ತೊಡಕಿನ ವಿಷಯ. ಫಾರ್ಮುಲಾ ಮತ್ತು ಬಟಾಣಿ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬಂದವು. ಹಾಗಾದರೆ ಕರುಳು ತಿರುಗಿದ್ದು ಯಾವುದರಿಂದ? ಹೊಸ ಊಟ ಬಂದದ್ದರಿಂದಲೋ, ಎದೆಹಾಲಿನ ಪಾಲು ಕಡಿಮೆಯಾದದ್ದರಿಂದಲೋ? ಒಂದೇ ಮಗು ಇದ್ದಾಗ ಇದನ್ನು ಬಿಡಿಸಲು ಆಗುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಮಗು ಬೇಕು, ಬಟಾಣಿ ತಿಂದೂ ಎದೆಹಾಲು ಮುಂದುವರಿಸಿದ್ದು.

ಅಂಥ ಮಕ್ಕಳು ಸಿಕ್ಕಿದ್ದು ಸ್ವೀಡನ್ನಿನಲ್ಲಿ. 2015ರಲ್ಲಿ ಪ್ರಕಟವಾದ ಅಲ್ಲಿನ ಅಧ್ಯಯನದಲ್ಲಿ 98 ತಾಯಿ ಮಕ್ಕಳ ಜೋಡಿ ಇತ್ತು. ಹುಟ್ಟಿದಾಗ, ನಾಲ್ಕು ತಿಂಗಳಿಗೆ, ಒಂದು ವರ್ಷಕ್ಕೆ ಮಾದರಿ ತೆಗೆದರು. ಒಂದು ವರ್ಷದ ಹೊತ್ತಿಗೆ ಎಲ್ಲ ಮಕ್ಕಳೂ ಊಟ ಮಾಡುತ್ತಿದ್ದರು. ಆದರೂ ಎದೆಹಾಲು ಮುಂದುವರಿದಿದ್ದ ಮಕ್ಕಳ ಕರುಳಿನಲ್ಲಿ ಬೈಫಿಡೋ ಗುಂಪು ಇನ್ನೂ ಗಟ್ಟಿಯಾಗಿ ಕೂತಿತ್ತು. ಹಾಲು ಬಿಟ್ಟವರ ಕರುಳು ದೊಡ್ಡವರ ಹಾಗಾಗತೊಡಗಿತ್ತು. ಅಂದರೆ ತಿರುವಿಗೆ ಮುಖ್ಯ ಕಾರಣ ಅನ್ನ ಶುರುವಾದದ್ದಲ್ಲ, ಎದೆಹಾಲು ನಿಂತದ್ದು. 2018ರಲ್ಲಿ ಅಮೆರಿಕ ಮತ್ತು ಯುರೋಪಿನ 903 ಮಕ್ಕಳ 12,000ಕ್ಕೂ ಹೆಚ್ಚು ಮಾದರಿಗಳನ್ನು ನೋಡಿದ ಇನ್ನೊಂದು ಅಧ್ಯಯನವೂ ಕರುಳಿನ ರೂಪದ ಜೊತೆ ಅತಿ ಹೆಚ್ಚು ಸಂಬಂಧ ಇರುವುದು ಎದೆಹಾಲಿಗೇ ಎಂದಿತು.

ಹಾಗೆಂದು ಕಾರ್ನೆಲ್ ಪ್ರಕರಣ ಸುಳ್ಳಾಗಲಿಲ್ಲ. ಎಲ್ಲಿ ನೋಡಬೇಕು ಎಂದು ಅದು ತೋರಿಸಿತು, ಉತ್ತರವನ್ನು ಗುಂಪು ಅಧ್ಯಯನಗಳು ಕೊಟ್ಟವು. ಇನ್ನೊಂದು ಸಣ್ಣ ಎಚ್ಚರಿಕೆ ಪ್ರಯೋಗಾಲಯದ ಓದುಗರಿಗೆ: ಆ ಕಾಲದಲ್ಲಿ ಬಳಕೆಯಲ್ಲಿದ್ದ ಕೆಲವು ಪ್ರೈಮರ್‌ಗಳು (ಗುರುತು ಜೀನ್ ಹಿಡಿಯಲು ಬಳಸುವ ಚಿಕ್ಕ ಡಿಎನ್‌ಎ ತುಣುಕುಗಳು) ಬೈಫಿಡೋ ಗುಂಪನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತವೆ. 2010ರ ಆಸುಪಾಸಿನ ಯಾವುದೇ ಶಿಶು ಅಧ್ಯಯನದಲ್ಲಿ ಬೈಫಿಡೋ ಕಡಿಮೆ ಕಂಡರೆ ಕೂಡಲೇ ನಂಬಬೇಡಿ.

ನಮ್ಮ ಮನೆಗಳಿಗೆ ಇದು ತಾಗುವುದು ಎಲ್ಲಿ

ಎದೆಹಾಲಿನ ಮಗು, ಡಬ್ಬಿ ಹಾಲಿನ ಮಗು ಎಂದು ಎರಡೇ ಡಬ್ಬಿ ಮಾಡಿ ಮಕ್ಕಳನ್ನು ಹಾಕುವುದು ಎಷ್ಟು ಒರಟು ಲೆಕ್ಕ ಎಂದು ಈ ಮಗು ತೋರಿಸುತ್ತದೆ. ಅದು ಎದೆಹಾಲಿನ ಮಗುವೂ ಹೌದು, ಆಮೇಲೆ ಗಂಜಿಯ ಮಗು, ಆಮೇಲೆ ಫಾರ್ಮುಲಾ ಮತ್ತು ಬಟಾಣಿಯ ಮಗು. ಕರುಳಿಗೆ ಲೆಕ್ಕಕ್ಕೆ ಬರುವುದು ಯಾವಾಗ, ಏನು, ಎಷ್ಟು ಎಂಬುದು.

ನಮ್ಮ ದೊಡ್ಡ ಲೆಕ್ಕಗಳೂ ಇದೇ ಒರಟುತನದವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಆರು ತಿಂಗಳೊಳಗಿನ 63.7% ಮಕ್ಕಳು ಎದೆಹಾಲು ಮಾತ್ರ ಕುಡಿಯುತ್ತಾರೆ. ಆದರೆ ಇದನ್ನು ಲೆಕ್ಕ ಹಾಕುವುದು ಹಿಂದಿನ ದಿನ ಮಗುವಿಗೆ ಏನು ಕೊಟ್ಟಿರಿ ಎಂಬ ಪ್ರಶ್ನೆಯಿಂದ. ಹುಟ್ಟಿದ ದಿನ ನಾಲಿಗೆಗೆ ಜೇನು ಸವರಿದ್ದರೆ, ಕಳೆದ ವಾರ ಗ್ರೈಪ್ ವಾಟರ್ ಕೊಟ್ಟಿದ್ದರೆ, ಬಜೆ ತೇಯ್ದು ನೆಕ್ಕಿಸಿದ್ದರೆ, ಆಸ್ಪತ್ರೆಯಲ್ಲಿ ಎರಡು ದಿನ ಫಾರ್ಮುಲಾ ಕುಡಿದಿದ್ದರೆ ಅದು ಈ ಪ್ರಶ್ನೆಯ ಬಲೆಗೆ ಬೀಳುವುದಿಲ್ಲ. ಸಮೀಕ್ಷೆಗೆ ಅಷ್ಟು ಸಾಕು. ಒಂದು ಮಗುವಿನ ಹೊಟ್ಟೆಯನ್ನು ಅರ್ಥ ಮಾಡಿಕೊಳ್ಳಲು ಸಾಲದು. (ಜೇನಿನ ವಿಷಯದಲ್ಲಿ ಕರುಳಿನ ಬ್ಯಾಕ್ಟೀರಿಯಾ ಚರ್ಚೆಯೇ ಬೇಡ. ಒಂದು ವರ್ಷದೊಳಗೆ ಬಾಟುಲಿಸಂ ಎಂಬ ಗಂಭೀರ ಕಾಯಿಲೆಯ ಅಪಾಯ ಇದೆ, ಕೊಡಲೇಬಾರದು.)

ಮಗುವಿನ ಮಲದ ಬಣ್ಣ, ವಾಸನೆ ಬದಲಾಯಿತು ಎಂದು ಗಾಬರಿಯಾಗಿ ಬರುವವರಿಗೂ ಇದರಲ್ಲಿ ಕೆಲಸಕ್ಕೆ ಬರುವ ಮಾತಿದೆ. ಎದೆಹಾಲಿನ ಮಗುವಿನ ಕಕ್ಕ ಹಳದಿ, ತೆಳು, ಸ್ವಲ್ಪ ಹುಳಿ ವಾಸನೆ. ಒಂದೂವರೆ ತಿಂಗಳ ನಂತರ ಕೆಲವು ಮಕ್ಕಳು ದಿನಕ್ಕೆ ಹಲವು ಸಲ ಮಾಡುತ್ತವೆ, ಕೆಲವು ವಾರಕ್ಕೊಮ್ಮೆ. ಮೆತ್ತಗಿದ್ದು, ಮಗು ಚೆನ್ನಾಗಿ ಕುಡಿದು, ಒಂದಕ್ಕೆ ಹೋಗುತ್ತಾ, ತೂಕ ಏರುತ್ತಿದ್ದರೆ ಎರಡೂ ಸರಿ. ಡಬ್ಬಿ ಹಾಲು ಸೇರಿದಾಗ ಗಟ್ಟಿಯಾಗುತ್ತದೆ, ಬಣ್ಣ ಕಡುವಾಗುತ್ತದೆ. ಅನ್ನ, ರಾಗಿ ಸರಿ ಶುರುವಾದಾಗ ಮತ್ತೆ ಬದಲು. ಆಹಾರ ಬದಲಾದಾಗ ಕರುಳಿನ ಜನ ಬದಲಾಗುವುದು ಕಾಯಿಲೆಯಲ್ಲ. ರಕ್ತ ಕಂಡರೆ, ಬಿಳಿಯಾಗಿ ಹೋದರೆ, ಮಗು ಹಾಲು ಬಿಟ್ಟು ಮಂಕಾದರೆ ಮಾತ್ರ ಆ ಸಮಾಧಾನ ಹೇಳಿಕೊಂಡು ಕೂರದೆ ಡಾಕ್ಟರ ಹತ್ತಿರ ಹೋಗಬೇಕು.

ಫಾರ್ಮುಲಾ ಕೊಡಬೇಕಾಗಿ ಬಂದ ತಾಯಂದಿರಿಗೆ ಈ ಪ್ರಕರಣ ತೋರಿಸಿ ಹೆದರಿಸುವುದು ನನಗೆ ಒಪ್ಪಿಗೆಯಿಲ್ಲ. ಫಾರ್ಮುಲಾ ಸೇರಿದ ಮೇಲೂ ಈ ಮಗುವಿನ ಕರುಳು ಮುಂದೆ ಸಾಗಿ, ಸ್ಥಿರವಾಗಿ, ದೊಡ್ಡವರ ಕರುಳಿನತ್ತ ಹೋಯಿತು. ಹಾಲು ಸಾಲದ ಮಗುವಿಗೆ ಬ್ಯಾಕ್ಟೀರಿಯಾಗಿಂತ ಮೊದಲು ಬೇಕಾದದ್ದು ತೂಕ. ಹಾಗೆಯೇ ಸ್ವಲ್ಪ ಎದೆಹಾಲಾದರೂ ಮುಂದುವರಿಸಲು ಆದರೆ, ಅದು ಎಷ್ಟೇ ಕಡಿಮೆ ಇರಲಿ, ಹೇಗೂ ಬಾಟಲಿ ಶುರುವಾಯ್ತಲ್ಲ ಎಂದು ನಿಲ್ಲಿಸಬೇಕಿಲ್ಲ. ನಿಲ್ಲಿಸುವುದೇ ದೊಡ್ಡ ತಿರುವು ಎಂದು ಸ್ವೀಡನ್ನಿನ ಮಕ್ಕಳು ತೋರಿಸಿದ್ದಾರೆ.

ಇನ್ನು ಪ್ರೋಬಯಾಟಿಕ್ ಹನಿ, ಅಂದರೆ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೇ ಬಾಯಿಗೆ ಹಾಕುವುದು. ಒಡಿಶಾದ ಹಳ್ಳಿಗಳಲ್ಲಿ 4,556 ನವಜಾತ ಶಿಶುಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದು ತಳಿಯನ್ನು, ಅದಕ್ಕೆ ಬೇಕಾದ ಸಕ್ಕರೆ ಸರಪಳಿಯ ಜೊತೆಗೆ, ಒಂದು ವಾರ ಕೊಟ್ಟರು. ನಂಜು (ಸೋಂಕು ಮೈಗೆಲ್ಲ ಏರುವ ಸೆಪ್ಸಿಸ್) ಅಥವಾ ಸಾವು 9 ಪ್ರತಿಶತದಿಂದ 5.4 ಪ್ರತಿಶತಕ್ಕೆ ಇಳಿಯಿತು. ದೊಡ್ಡ ಫಲಿತಾಂಶವೇ. ಆದರೆ ಆ ಮಕ್ಕಳು ಎದೆಹಾಲು ಕುಡಿಯುತ್ತಿದ್ದವರು, ತಿಂಗಳು ತುಂಬಿ ಅಥವಾ ತುಂಬುವ ಹತ್ತಿರ ಹುಟ್ಟಿದವರು, ಕೊಟ್ಟದ್ದು ಒಂದು ನಿರ್ದಿಷ್ಟ ತಳಿ. ಮೆಡಿಕಲ್ ಶಾಪಿನ ಯಾವುದೋ ಸ್ಯಾಷೆಗೆ ಅದನ್ನು ಅಂಟಿಸಲಾಗದು. ತೀರಾ ಅವಧಿಪೂರ್ವ ಹುಟ್ಟಿದ ಮಕ್ಕಳಿಗೆ ಪ್ರೋಬಯಾಟಿಕ್ ಕೊಡುವ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರಲ್ಲಿ ಎಚ್ಚರಿಕೆಯನ್ನೇ ಕೊಟ್ಟಿದೆ.

ನಮ್ಮಲ್ಲಿ ಗರ್ಭಿಣಿಯರಿಗೆ ಕೊಡುವ ತಾಯಿ ಕಾರ್ಡಿನಲ್ಲಿ ಮಗುವಿನ ಲಸಿಕೆ, ತೂಕ ಎಲ್ಲ ಬರೆಯುತ್ತಾರೆ. ಅದರ ಜೊತೆ ಒಂದು ಹಾಳೆ ಪಿನ್ ಮಾಡಿಕೊಳ್ಳಿ. ಮೊದಲ ಬಾಟಲಿ ಯಾವತ್ತು, ಮೊದಲ ಸರಿ ಯಾವತ್ತು, ಜ್ವರ ಯಾವಾಗ, ಆ್ಯಂಟಿಬಯಾಟಿಕ್ ಯಾವುದು ಎಷ್ಟು ದಿನ, ಎದೆಹಾಲು ಬಿಟ್ಟದ್ದು ಯಾವಾಗ. ಇದಕ್ಕೆ ಪ್ರಯೋಗಾಲಯ ಬೇಡ, ದುಡ್ಡೂ ಬೇಡ. ಮುಂದೆ ಮಗುವಿಗೆ ಹೊಟ್ಟೆಯ ತೊಂದರೆ ಎಂದು ಡಾಕ್ಟರ ಹತ್ತಿರ ಹೋದಾಗ ಅವರು ಮೊದಲು ಕೇಳುವ ಪ್ರಶ್ನೆಗಳು ಇವೇ, ಮತ್ತು ಆ ಹೊತ್ತಿಗೆ ಮನೆಯಲ್ಲಿ ಯಾರಿಗೂ ತಾರೀಖು ನೆನಪಿರುವುದಿಲ್ಲ.